ಮೆರವಣಿಗೆಗೆ ಮುಂದೆ, ಪಂಕ್ತಿಗೆ ಹಿಂದೆ

ನಮ್ಮ ಕಡೆಯ ಜಾತ್ರೆ ನೋಡಿದವರಿಗೆ ನಾನು ಹೇಳುವುದು ಹೊಸದೇನಲ್ಲ. ತಮಟೆ ಇಲ್ಲದೆ ತೇರು ಕದಲುವುದಿಲ್ಲ. ಎಳೆಬಿಸಿಲಿನಿಂದ ಇಳಿಹೊತ್ತಿನವರೆಗೆ ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿ, ಬೆರಳು ಒಡೆಯುವ ತನಕ ಬಾರಿಸುವವರು ದೇವರಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ಇರುತ್ತಾರೆ. ತೇರು ನೆಲೆಗೆ ಬಂದು ಎಲೆ ಹಾಕುವ ಹೊತ್ತಿಗೆ ಅವರನ್ನು ಹುಡುಕಿ ನೋಡಿ. ಗುಡಿಯ ಹಿಂದಣ ಹುಣಸೆ ಮರದ ಕೆಳಗೆ, ತಾವೇ ತಂದ ತಟ್ಟೆ ಹಿಡಿದು, ಕೊನೆಯ ಪಂಕ್ತಿಗೆ ಕಾಯುತ್ತಿರುತ್ತಾರೆ. ಮೆರವಣಿಗೆಗೆ ಮುಂದೆ, ಪಂಕ್ತಿಗೆ ಹಿಂದೆ. ಇದಕ್ಕೆ ನಮ್ಮಲ್ಲಿ ಪಂಕ್ತಿಭೇದ ಎಂಬ ಹೆಸರಿದೆ.

ಅಮೆರಿಕದಲ್ಲಿ ಇದಕ್ಕೆ ಗ್ರ್ಯಾಮಿ ಎಂಬ ಹೆಸರಿದೆ.

2016ರ ಫೆಬ್ರವರಿ 15. ಲಾಸ್ ಏಂಜಲಿಸ್‌ನ ಸ್ಟೇಪಲ್ಸ್ ಸೆಂಟರ್, ಗ್ರ್ಯಾಮಿ ಸಂಗೀತ ಪ್ರಶಸ್ತಿಯ ರಾತ್ರಿ. ಕಾಂಪ್ಟನ್ ಎಂಬ ಬಡ ಕೇರಿಯಲ್ಲಿ ಬೆಳೆದ ರ್‍ಯಾಪ್ ಕಲಾವಿದ ಕೆಂಡ್ರಿಕ್ ಲಮಾರ್ ಕೈಗೆ ಸಂಕೋಲೆ ಹಾಕಿಕೊಂಡು ವೇದಿಕೆಗೆ ಬಂದ. ಹಿಂದೆ ಕೈದಿಗಳ ಸಾಲು, ಕಂಬಿಗಳ ಹಿಂದೆ ನಿಂತು ಸ್ಯಾಕ್ಸೊಫೋನ್ ಊದುವವನು, ನಡುವೆ ಉರಿಯುವ ದೊಡ್ಡ ಬೆಂಕಿ. ಕೊನೆಗೆ ಆಫ್ರಿಕಾದ ಭೂಪಟ, ಅದರ ಮೇಲೆ ಬರೆದ ಒಂದೇ ಪದ: ಕಾಂಪ್ಟನ್. ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಆತನ ಆಲ್ಬಮ್ 'ಟು ಪಿಂಪ್ ಅ ಬಟರ್‌ಫ್ಲೈ' ಅಮೆರಿಕದ ಕಪ್ಪುಜನ ಪೊಲೀಸರ ಗುಂಡಿಗೆ ಎದೆಗೊಟ್ಟು ಬೀದಿಗಿಳಿದಿದ್ದ ಕಾಲದಲ್ಲಿ ಬಂದದ್ದು. ಅದರೊಳಗಿನ 'ಆಲ್‌ರೈಟ್' ಮೆರವಣಿಗೆಗಳ ಘೋಷಣೆಯಾಗಿತ್ತು. ಆ ಸಲ ಹನ್ನೊಂದು ನಾಮನಿರ್ದೇಶನ ಆತನದೇ.

ಊಟದ ಹೊತ್ತಾಯಿತು. 'ವರ್ಷದ ಆಲ್ಬಮ್' ಎಂಬ ಮೊದಲ ಪಂಕ್ತಿಯ ಎಲೆ ಟೇಲರ್ ಸ್ವಿಫ್ಟ್ ಅವರ '1989'ಕ್ಕೆ ಬಿತ್ತು. ಕೆಂಡ್ರಿಕ್‌ಗೂ ಬರಿಗೈ ಇರಲಿಲ್ಲ, ಐದು ಗ್ರ್ಯಾಮಿ ಸಿಕ್ಕವು. ನಾಲ್ಕು ರ್‍ಯಾಪ್ ಎಂಬ ಹೊರಗಿನ ಸಾಲಿನಲ್ಲಿ. ಐದನೆಯದು ಯಾವುದಕ್ಕೆ ಗೊತ್ತೇ? ಟೇಲರ್ ಸ್ವಿಫ್ಟ್ ಅವರ ಹಾಡಿನ ವಿಡಿಯೊದಲ್ಲಿ ಜೊತೆಗೆ ಕಾಣಿಸಿಕೊಂಡದ್ದಕ್ಕೆ.

ಆ ಹೆಣ್ಣುಮಗಳ ಮೇಲೆ ನನಗೇನೂ ಸಿಟ್ಟಿಲ್ಲ. ಹಾಡು ಕಟ್ಟಬಲ್ಲವರು, ದುಡಿದವರು. ಎಲೆಯ ಮುಂದೆ ಕೂತವರನ್ನು ಬೈಯುವುದು ಸುಲಭ. ನಾನು ಕೇಳುವುದು ಎಲೆ ಹಾಕಿದವರು ಯಾರು, ಯಾವ ಲೆಕ್ಕದಲ್ಲಿ ಹಾಕಿದರು ಎಂದು.

ಕೇಳಿದರೆ ಥಟ್ಟನೆ ಉತ್ತರ ಬರುತ್ತದೆ: ಮತದಾನ ಸ್ವಾಮಿ, ಮತದಾನ! ರೆಕಾರ್ಡಿಂಗ್ ಅಕಾಡೆಮಿಯ ಸದಸ್ಯರು, ಸಂಗೀತವನ್ನೇ ಕಸುಬು ಮಾಡಿಕೊಂಡವರು, ಚೀಟಿ ಹಾಕಿ ಆರಿಸುತ್ತಾರೆ. ಇದಕ್ಕಿಂತ ಪ್ರಜಾಪ್ರಭುತ್ವ ಬೇಕೇ?

ಬೇಕು. ಈ ಮತದಾನದ ಹೊಟ್ಟೆ ಸೀಳಿ ನೋಡೋಣ ಬನ್ನಿ.

1957ರಲ್ಲಿ ಹುಟ್ಟಿದ ಈ ಅಕಾಡೆಮಿ ಮೊದಲ ಪ್ರಶಸ್ತಿ ಹಂಚಿದ್ದು 1959ರಲ್ಲಿ. 2024ರ ಹೊತ್ತಿಗೆ ಮತ ಹಾಕುವ ಸದಸ್ಯರು ಸುಮಾರು 13,000. ವರ್ಷಕ್ಕೆ ಚಂದಾ ಕಟ್ಟುವವರು. ಮೊದಲ ಸುತ್ತಿನಲ್ಲಿ ಬಂದ ಪ್ರವೇಶಗಳಿಂದ ಎಂಟು ಆಲ್ಬಮ್ ಉಳಿಯುತ್ತವೆ. ಕೊನೆಯ ಸುತ್ತಿನಲ್ಲಿ ಒಬ್ಬರಿಗೆ ಒಂದೇ ಮತ, ಹೆಚ್ಚು ಬಿದ್ದವರು ಗೆದ್ದ ಹಾಗೆ. ಎಂಟೂ ಆಲ್ಬಮ್ ಕೇಳಿದ್ದೀಯಾ ಎಂದು ಮತದಾರನನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ಸ್ವಲ್ಪ ಗಣಿತ ಮಾಡಿ. 13,000 ಮತ ಎಂಟು ಪಾಲಾಗಿ ಹತ್ತಿರ ಹತ್ತಿರ ಒಡೆದರೆ 1,626 ಮತಕ್ಕೆ 'ವರ್ಷದ ಆಲ್ಬಮ್' ಸಿಕ್ಕಿಬಿಡುತ್ತದೆ. ಅಂದರೆ ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ಬೇಡವೆಂದ ಆಲ್ಬಮ್ ಜಗತ್ತಿನ ಶ್ರೇಷ್ಠ ಆಲ್ಬಮ್ ಆಗಬಹುದು. ಹಾಗೆ ಆಗಿದೆಯೋ ಇಲ್ಲವೋ ನಿಮಗಾಗಲಿ ನನಗಾಗಲಿ ತಿಳಿಯುವ ದಾರಿಯೇ ಇಲ್ಲ. ಡೆಲಾಯ್ಟ್ ಎಂಬ ಲೆಕ್ಕಪರಿಶೋಧಕ ಕಂಪನಿ ಮತ ಎಣಿಸುತ್ತದೆ, ಲಕೋಟೆಗೆ ಹೆಸರು ತುಂಬುತ್ತದೆ, ಅಂಕಿಗಳು ಅಲ್ಲೇ ಹೂತುಹೋಗುತ್ತವೆ. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಏಳು ಮತ ಪಡೆದು ಠೇವಣಿ ಕಳೆದುಕೊಂಡವನಿಗೂ ತನಗೆ ಏಳು ಬಿದ್ದವು ಎಂದು ಗೊತ್ತಿರುತ್ತದೆ. ಗ್ರ್ಯಾಮಿಯಲ್ಲಿ ಸೋತ ಕಪ್ಪು ಗಾಯಕಿ ಬಿಯಾನ್ಸೆಗೆ ತಾನು ಎಷ್ಟರಲ್ಲಿ ಸೋತೆ ಎಂಬುದು ಗೊತ್ತಿಲ್ಲ.

ಇದು ಇವತ್ತಿನ, ಸುಧಾರಿಸಿದ ಕಥೆ. ಹಿಂದಿನದು ಇನ್ನೂ ಸೊಗಸು. 1995ರಿಂದ 2021ರವರೆಗೆ ದೊಡ್ಡ ಪ್ರಶಸ್ತಿಗಳ ಕೊನೆಯ ಪಟ್ಟಿಯನ್ನು ಮತದಾರರು ಮಾಡುತ್ತಲೇ ಇರಲಿಲ್ಲ. ಅವರು ಆರಿಸಿ ಕಳಿಸಿದ ಉದ್ದ ಪಟ್ಟಿಯನ್ನು ಒಂದು ಗುಪ್ತ ಸಮಿತಿ ಬಾಗಿಲು ಹಾಕಿಕೊಂಡು ಸೋಸುತ್ತಿತ್ತು. ಸಮಿತಿಯಲ್ಲಿ ಯಾರಿದ್ದಾರೆ? ಹೇಳುವುದಿಲ್ಲ. ಯಾಕೆ ಒಂದನ್ನು ಬಿಟ್ಟಿರಿ? ಹೇಳುವುದಿಲ್ಲ. 2020ರಲ್ಲಿ ಇಡೀ ಜಗತ್ತು 'ಬ್ಲೈಂಡಿಂಗ್ ಲೈಟ್ಸ್' ಗುನುಗುತ್ತಿದ್ದಾಗ ಅದನ್ನು ಹಾಡಿದ ದಿ ವೀಕೆಂಡ್‌ಗೆ ಒಂದೇ ಒಂದು ನಾಮನಿರ್ದೇಶನವೂ ಬರಲಿಲ್ಲ. ಇಥಿಯೋಪಿಯಾ ಮೂಲದ ಆ ಗಾಯಕ ಗುಪ್ತ ಸಮಿತಿಗಳಿರುವ ತನಕ ತನ್ನ ಹಾಡು ಕಳಿಸುವುದಿಲ್ಲ ಎಂದು ಎದ್ದುಹೋದ. ಅದಕ್ಕೂ ಮೊದಲು, ಅದೇ 2020ರ ಜನವರಿಯಲ್ಲಿ, ಅಕಾಡೆಮಿಯ ಮುಖ್ಯಸ್ಥೆಯಾಗಿದ್ದ ಡೆಬೊರಾ ಡುಗನ್ ಅವರನ್ನು ಸಮಾರಂಭಕ್ಕೆ ಹತ್ತು ದಿನವಿರುವಾಗ ಹುದ್ದೆಯಿಂದ ಹೊರಗಿಟ್ಟರು. ನಾಮನಿರ್ದೇಶನದಲ್ಲಿ ಸ್ವಜನಪಕ್ಷಪಾತವಿದೆ ಎಂದು ಆಕೆ ದೂರು ಕೊಟ್ಟರು. ಅಕಾಡೆಮಿ ಅಲ್ಲಗಳೆಯಿತು. ಆದರೆ 2021ರ ಏಪ್ರಿಲ್‌ನಲ್ಲಿ ಆ ಗುಪ್ತ ಸಮಿತಿಗಳನ್ನು ದೊಡ್ಡ ವಿಭಾಗಗಳಿಂದ ಕಿತ್ತು ಹಾಕಿತು. ತಪ್ಪೇ ಇಲ್ಲದಿದ್ದರೆ ಕಿತ್ತದ್ದೇಕೆ?

ಸೋಲಿನ ಪಟ್ಟಿ ಓದಿ. ಬಿಯಾನ್ಸೆ ನಾಲ್ಕು ಸಲ ಈ ಪಂಕ್ತಿಯಿಂದ ಎದ್ದುಹೋಗಬೇಕಾಯಿತು. 2010ರಲ್ಲಿ ಟೇಲರ್ ಸ್ವಿಫ್ಟ್, 2015ರಲ್ಲಿ ಬೆಕ್, 2017ರಲ್ಲಿ ಅಡೆಲ್, 2023ರಲ್ಲಿ ಹ್ಯಾರಿ ಸ್ಟೈಲ್ಸ್. ಗೆದ್ದ ನಾಲ್ವರೂ ಬಿಳಿಯರು. 2017ರಲ್ಲಂತೂ ಗೆದ್ದ ಅಡೆಲ್ ವೇದಿಕೆಯ ಮೇಲೆ ಅಳುತ್ತ, ಇದು ಬಿಯಾನ್ಸೆಯ 'ಲೆಮನೇಡ್'ಗೆ ಸಲ್ಲಬೇಕಿತ್ತು ಎಂಬ ಅರ್ಥದ ಮಾತಾಡಿದರು. ಗೆದ್ದವಳೇ ತೀರ್ಪು ತಪ್ಪೆಂದು ಅತ್ತರೂ ತೀರ್ಪು ಕೊಟ್ಟವರ ಕಣ್ಣು ಒದ್ದೆಯಾಗಲಿಲ್ಲ. 2023ರ ರಾತ್ರಿ ಇನ್ನೂ ವಿಚಿತ್ರ. ಅಂದು ಬಿಯಾನ್ಸೆಯ ಗ್ರ್ಯಾಮಿಗಳ ಸಂಖ್ಯೆ 32ಕ್ಕೆ ಏರಿ, ಜಾರ್ಜ್ ಶೋಲ್ಟಿ ಎಂಬ ವಾದ್ಯವೃಂದ ನಿರ್ದೇಶಕರ 31ರ ದಾಖಲೆ ಮುರಿಯಿತು. ಇತಿಹಾಸದಲ್ಲೇ ಅತಿ ಹೆಚ್ಚು ಗ್ರ್ಯಾಮಿ ಗೆದ್ದವಳು. ಆ 32ರಲ್ಲಿ 'ವರ್ಷದ ಆಲ್ಬಮ್'ನಂಥ ನಾಲ್ಕು ದೊಡ್ಡ ವಿಭಾಗಗಳಿಂದ ಬಂದದ್ದು ಒಂದೇ ಒಂದು. ಉಳಿದವು ಒಳವಿಭಾಗದ ಕಾಣಿಕೆ. ಹಿತ್ತಿಲಲ್ಲಿ ಹೊಟ್ಟೆ ಬಿರಿಯುವಷ್ಟು ಬಡಿಸಿ ನಡುಮನೆಗೆ ಮಾತ್ರ ಬಿಟ್ಟುಕೊಳ್ಳದ ಗೌಡನ ಔದಾರ್ಯ ನಮಗೆ ಗೊತ್ತಿಲ್ಲದ್ದೇನು?

ಕೆಂಡ್ರಿಕ್‌ನದೂ ಅದೇ ಪಾಡು. 2014ರಲ್ಲಿ, 2016ರಲ್ಲಿ, 2018ರಲ್ಲಿ ಮೂರೂ ಸಲ ಬಾಗಿಲ ತನಕ ಬಂದು ಹಿಂದಿರುಗಿದ. 2018ರಲ್ಲಿ ಗ್ರ್ಯಾಮಿಯ ಮೊದಲ ಪಂಕ್ತಿ ತಿರಸ್ಕರಿಸಿದ 'ಡ್ಯಾಮ್' ಆಲ್ಬಮ್‌ಗೆ ಕೆಲವೇ ತಿಂಗಳಲ್ಲಿ ಪುಲಿಟ್ಜರ್ ಸಂಗೀತ ಪ್ರಶಸ್ತಿ ಬಂತು. ಶಾಸ್ತ್ರೀಯ ಸಂಗೀತ ಮತ್ತು ಜಾಜ್ ಬಿಟ್ಟು ಬೇರೆ ಯಾವುದಕ್ಕೂ ಆ ಪ್ರಶಸ್ತಿ ಅದುವರೆಗೆ ಸಿಕ್ಕಿರಲಿಲ್ಲ. ಇಡೀ ಗ್ರ್ಯಾಮಿ ಇತಿಹಾಸದಲ್ಲಿ 'ವರ್ಷದ ಆಲ್ಬಮ್' ಆದ ಹಿಪ್‌ಹಾಪ್ ಆಲ್ಬಮ್‌ಗಳು ಎರಡು. 1999ರಲ್ಲಿ ಲಾರಿನ್ ಹಿಲ್, 2004ರಲ್ಲಿ ಔಟ್‌ಕಾಸ್ಟ್. ಅರ್ಧ ಶತಮಾನದಿಂದ ಲೋಕದ ಹುಡುಗರ ನಡಿಗೆ, ಉಡುಗೆ, ಬೈಗುಳವನ್ನೂ ಬದಲಿಸಿದ ಸಂಗೀತಕ್ಕೆ ಮೊದಲ ಪಂಕ್ತಿಯಲ್ಲಿ ಎರಡೇ ಎಲೆ!

ಈ ಸಾಲುಗಳನ್ನು ಎಳೆದವರು ಯಾರು? ಸಂಗೀತಕ್ಕೆ ಹುಟ್ಟಿನಿಂದಲೇ ವಿಭಾಗವಿರಲಿಲ್ಲ, ಮಾರುವವರು ಕೊಟ್ಟದ್ದು. 1920ರಲ್ಲಿ ಮೇಮಿ ಸ್ಮಿತ್ ಎಂಬ ಕಪ್ಪು ಗಾಯಕಿಯ 'ಕ್ರೇಜಿ ಬ್ಲೂಸ್' ಗ್ರಾಮಫೋನ್ ತಟ್ಟೆ ಬಿಸಿ ದೋಸೆಯಂತೆ ಮಾರಾಟವಾದಾಗ ಕಂಪನಿಗಳು ಕಪ್ಪುಜನರಿಗೆಂದೇ ಬೇರೆ ಕಪಾಟು ಮಾಡಿದವು. ಅದಕ್ಕೆ ಇಟ್ಟ ಹೆಸರು 'ರೇಸ್ ರೆಕಾರ್ಡ್ಸ್'. ನಮ್ಮ ಮಾತಿನಲ್ಲಿ ಹೇಳಿದರೆ ಜಾತಿ ತಟ್ಟೆ! 1949ರಲ್ಲಿ 'ಬಿಲ್‌ಬೋರ್ಡ್' ಪತ್ರಿಕೆಗೆ ನಾಚಿಕೆಯಾಗಿ ಅದನ್ನು 'ರಿದಮ್ ಅಂಡ್ ಬ್ಲೂಸ್' ಮಾಡಿತು. ಮುಂದೆ 'ಅರ್ಬನ್' ಬಂತು. 2020ರಲ್ಲಿ ಟೈಲರ್ ದಿ ಕ್ರಿಯೇಟರ್ ಎಂಬ ಕಲಾವಿದ ಗ್ರ್ಯಾಮಿ ಗೆದ್ದ ರಾತ್ರಿಯೇ, ನಾವು ಏನು ಮಾಡಿದರೂ ರ್‍ಯಾಪ್ ಅಥವಾ ಅರ್ಬನ್ ಎಂದು ಹೊರಗಿಡುತ್ತೀರಿ, ಅದು ಬೈಗುಳದ ಸಭ್ಯ ರೂಪ ಎಂದು ಮುಖಕ್ಕೆ ಹೇಳಿದ. ಅದೇ ವರ್ಷ ಆ ಪದವನ್ನು ಒಂದು ವಿಭಾಗದಿಂದ ತೆಗೆದು 'ಪ್ರೋಗ್ರೆಸಿವ್' ಎಂದು ಬರೆದರು. ಕೇರಿಗೆ ಕಾಲೊನಿ ಎಂದರು, ಕಾಲೊನಿಗೆ ನಗರ ಎಂದರು, ಬೋರ್ಡು ಬದಲಾಯಿತು, ಚರಂಡಿ ಹಾಗೇ ಇದೆ. ಈ ಆಟ ನಮಗೆ ಯಾರೂ ಕಲಿಸಬೇಕಾಗಿಲ್ಲ.

ಗೋಡೆಯ ಎರಡೂ ಕಡೆ ಕಾವಲಿತ್ತು. 2016ರಲ್ಲಿ ಬಿಯಾನ್ಸೆ ತನ್ನ 'ಡ್ಯಾಡಿ ಲೆಸನ್ಸ್' ಹಾಡನ್ನು ಕಂಟ್ರಿ ವಿಭಾಗಕ್ಕೆ ಕಳಿಸಿದಳು. ಕಂಟ್ರಿ ಎಂದರೆ ಬಿಳಿ ದಕ್ಷಿಣದ ಹಳ್ಳಿಹಾಡು ಎಂದು ನಂಬಿಸಲಾಗಿದೆ. ಅದರ ಜೀವವಾದ ಬ್ಯಾಂಜೊ ಗುಲಾಮರೊಂದಿಗೆ ಆಫ್ರಿಕಾದ ನೆನಪಾಗಿ ಬಂದದ್ದು. ಅಕಾಡೆಮಿಯ ಕಂಟ್ರಿ ಸಮಿತಿ ಆ ಹಾಡನ್ನು ಒಳಗೆ ಬಿಡಲಿಲ್ಲ. ಮೊದಲ ಪಂಕ್ತಿಯೂ ಇಲ್ಲ, ಪಕ್ಕದ ಪಂಕ್ತಿಯೂ ಇಲ್ಲ, ನಿನ್ನ ಜಾಗದಲ್ಲೇ ಕೂತುಕೋ!

ನಮ್ಮಲ್ಲೂ ಇಂಥದ್ದು ನಡೆದಿದೆ. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೊಡಿ ಎಂದು ಕೇಳಿದವರಿಗೆ ಗೋಷ್ಠಿ ಸಿಗಲಿಲ್ಲ. ಆ ಅವಮಾನದಲ್ಲೇ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಇಲ್ಲಿ ಬೇರೆ ಸಾಲು ಕೇಳಿದವರಿಗೆ ಇಲ್ಲವೆಂದರು. ಅಲ್ಲಿ ಬೇರೆ ಸಾಲು ಮಾಡಿ ಅದರೊಳಗೇ ಕೂಡಿಹಾಕಿದರು. ಮೇಲ್ನೋಟಕ್ಕೆ ಉಲ್ಟಾ ಕಾಣುತ್ತದೆ, ಕೈ ಮಾತ್ರ ಒಂದೇ. ಎಲ್ಲಿ ಎಲೆ ಹಾಕಬೇಕು ಎಂದು ತೀರ್ಮಾನಿಸುವ ಕೈ. 1989ರಲ್ಲಿ ಮೊದಲ ಸಲ ರ್‍ಯಾಪ್‌ಗೆ ಗ್ರ್ಯಾಮಿ ಇಟ್ಟರು, ಆದರೆ ಅದನ್ನು ಕೊಡುವುದನ್ನು ಟೀವಿಯಲ್ಲಿ ತೋರಿಸಲಿಲ್ಲ. ಗೆದ್ದ ಡಿಜೆ ಜಾಝಿ ಜೆಫ್ ಮತ್ತು ವಿಲ್ ಸ್ಮಿತ್ ಸಮಾರಂಭಕ್ಕೇ ಹೋಗಲಿಲ್ಲ. ಗೆದ್ದು ಬಹಿಷ್ಕರಿಸುವುದಕ್ಕೆ ಸೋತು ಬಹಿಷ್ಕರಿಸುವುದಕ್ಕಿಂತ ಹೆಚ್ಚು ಎದೆ ಬೇಕು.

ಮತದಾನ ಎಂದರೆ ಹೀಗೇ, ಬೇರೆ ದಾರಿಯಿಲ್ಲ ಎನ್ನುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ನ್ಯೂಯಾರ್ಕಿನ 'ವಿಲೇಜ್ ವಾಯ್ಸ್' ವಾರಪತ್ರಿಕೆ ದಶಕಗಳ ಕಾಲ ಸಂಗೀತ ವಿಮರ್ಶಕರಿಂದ 'ಪ್ಯಾಜ್ ಅಂಡ್ ಜಾಪ್' ಎಂಬ ಮತದಾನ ನಡೆಸಿತು. ಅದನ್ನು ಕಟ್ಟಿ ಬೆಳೆಸಿದವರು ವಿಮರ್ಶಕ ರಾಬರ್ಟ್ ಕ್ರಿಸ್ಟ್‌ಗಾವ್. ಪ್ರತಿ ವಿಮರ್ಶಕನಿಗೂ 100 ಅಂಕ. ಹತ್ತು ಆಲ್ಬಮ್‌ಗಳಿಗೆ ಹಂಚಬೇಕು, ಒಂದಕ್ಕೆ 30ಕ್ಕಿಂತ ಹೆಚ್ಚಿಲ್ಲ, 5ಕ್ಕಿಂತ ಕಡಿಮೆಯಿಲ್ಲ. ಮೊದಲ ಆಯ್ಕೆ ಸೋತರೂ ಎಂಟನೆಯ ಆಯ್ಕೆಗೆ ಬೆಲೆಯಿತ್ತು. ಯಾರು ಯಾವುದಕ್ಕೆ ಮತ ಹಾಕಿದರು ಎಂಬುದು ಹೆಸರು ಸಮೇತ ಹೊರಬೀಳುತ್ತಿತ್ತು. ಅಲ್ಲಿ ಮತ ಹಾಕಿದವರೂ ಬಹುಪಾಲು ಬಿಳಿ ಗಂಡಸರೇ. ಅವರೇನೂ ಸಂತರಲ್ಲ. ಆದರೆ ಹೆಸರು ಬರೆದು ಮತ ಹಾಕುವವನಿಗೆ ತನ್ನ ಕಿವಿಯ ಮೇಲೆ ಸ್ವಲ್ಪ ನಿಗಾ ಇರುತ್ತದೆ, ನಾಳೆ ಉತ್ತರ ಹೇಳಬೇಕಲ್ಲ! 1987ರಲ್ಲಿ ಅವರು ಪ್ರಿನ್ಸ್‌ನನ್ನು ಆರಿಸಿದರು, 1988ರಲ್ಲಿ ಪಬ್ಲಿಕ್ ಎನಿಮಿ ಎಂಬ ರ್‍ಯಾಪ್ ತಂಡವನ್ನು, 1989ರಲ್ಲಿ ಡಿ ಲಾ ಸೋಲ್‌ನ್ನು. ಅದೇ ಸಂಗೀತಕ್ಕೆ ಗ್ರ್ಯಾಮಿ ಏನು ಕೊಟ್ಟಿತು? ಪ್ರಿನ್ಸ್ ಪಟ್ಟಿಯ ತನಕ ಬಂದು ಸೋತ. ಪಬ್ಲಿಕ್ ಎನಿಮಿಯ ಆ ಆಲ್ಬಮ್, ಕಪ್ಪು ಅಮೆರಿಕದ ಸಿಟ್ಟನ್ನು ಸೈರನ್ನಿನ ಸದ್ದಿನಲ್ಲಿ ಕಟ್ಟಿದ 'ಇಟ್ ಟೇಕ್ಸ್ ಅ ನೇಷನ್', ವರ್ಷದ ಆಲ್ಬಮ್ ಪಟ್ಟಿಯ ಹತ್ತಿರವೂ ಸುಳಿಯಲಿಲ್ಲ.

2025ರ ಫೆಬ್ರವರಿಯಲ್ಲಿ ಬಿಯಾನ್ಸೆ ಕೊನೆಗೂ ಗೆದ್ದಳು. ಆಲ್ಬಮ್ 'ಕೌಬಾಯ್ ಕಾರ್ಟರ್'. ಹೊರಗಟ್ಟಿದ ಕಂಟ್ರಿ ಅಂಗಳಕ್ಕೇ ಕುದುರೆ ಏರಿ ಬಂದು, ಅತ್ಯುತ್ತಮ ಕಂಟ್ರಿ ಆಲ್ಬಮ್ ಪ್ರಶಸ್ತಿಯನ್ನೂ ಕಸಿದುಕೊಂಡಳು. ಲಾರಿನ್ ಹಿಲ್ ಗೆದ್ದ 1999ರ ನಂತರ ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಕಪ್ಪು ಹೆಣ್ಣು. ಆರು ದಶಕಗಳಲ್ಲಿ ನಾಲ್ಕನೆಯವಳು: ನಟಾಲಿ ಕೋಲ್, ವಿಟ್ನಿ ಹ್ಯೂಸ್ಟನ್, ಲಾರಿನ್ ಹಿಲ್, ಬಿಯಾನ್ಸೆ. ಆಕೆ ಗೆಲುವನ್ನು ಲಿಂಡಾ ಮಾರ್ಟೆಲ್‌ಗೆ ಅರ್ಪಿಸಿದಳು. ಅರವತ್ತರ ದಶಕದ ಕೊನೆಯಲ್ಲಿ ಕಂಟ್ರಿ ಹಾಡಲು ಹೊರಟು, ಒಂದೇ ಆಲ್ಬಮ್ ಮಾಡಿ, ಆ ಲೋಕದಿಂದಲೇ ಹೊರಬಿದ್ದ ಕಪ್ಪು ಗಾಯಕಿಗೆ. ಮರುವರ್ಷ, 2026ರಲ್ಲಿ, ಪೋರ್ಟೊ ರಿಕೊದ ಬ್ಯಾಡ್ ಬನಿ ಗೆದ್ದ. ಪೂರ್ತಿ ಸ್ಪ್ಯಾನಿಷ್‌ನಲ್ಲಿ ಹಾಡಿದ ಆಲ್ಬಮ್‌ಗೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು.

ನೋಡಿದಿರಾ, ವ್ಯವಸ್ಥೆ ಸರಿಹೋಯಿತು ಎನ್ನುವ ಸಮಾಧಾನಿಗಳು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಸರಿಹೋದದ್ದು ಹೇಗೆ? 2019ರಿಂದ ಅಕಾಡೆಮಿ ಹೊಸ ಸದಸ್ಯರನ್ನು ಕರೆಯತೊಡಗಿತು. ಹೆಂಗಸರು, ಕಪ್ಪುಜನ, ಕಿರಿಯರು ಬಂದರು. 2024ರ ಹೊತ್ತಿಗೆ ಮತದಾರರಲ್ಲಿ ಮೂರರಲ್ಲಿ ಎರಡು ಪಾಲು ಹೊಸಬರು. ಪಟ್ಟಿ ಬದಲಾಯಿತು, ಫಲಿತಾಂಶ ಬದಲಾಯಿತು. ಬಿಯಾನ್ಸೆಯ ಗಂಟಲು 2017ಕ್ಕಿಂತ 2025ರಲ್ಲಿ ಇಂಪಾಗಲಿಲ್ಲ. ಕೇಳುವ ಕಿವಿಗಳು ಬೇರೆಯಾದವು, ಅಷ್ಟೇ. ಹಾಗಾದರೆ ಅರವತ್ತು ವರ್ಷ ಇವರು ಶ್ರೇಷ್ಠತೆ ಎಂದು ನಮಗೆ ಮಾರಿದ್ದು ಏನು? ಒಂದು ಕೋಣೆಯಲ್ಲಿ ಕೂತವರ ತಲೆಯೆಣಿಕೆ. ಸಂಗೀತಕ್ಕೆ ಬಣ್ಣವಿಲ್ಲ, ನಾವು ಬರೀ ಗುಣ ನೋಡುತ್ತೇವೆ ಎಂದು ಎದೆ ತಟ್ಟಿಕೊಂಡವರು ತಮ್ಮದೇ ಮತದಾರರ ಪಟ್ಟಿಯಿಂದ ಸುಳ್ಳುಗಾರರಾದರು. ಪ್ರತಿಭೆಯ ಮಾತಾಡುವವರ ಬಾಯಲ್ಲಿ ಅದು ಯಾವತ್ತೂ ತಮ್ಮ ಮನೆಯ ಹುಡುಗನ ಹೆಸರೇ ಆಗಿರುತ್ತದೆ. ಇದನ್ನು ಮೀಸಲಾತಿಯ ಜಗಳದಲ್ಲಿ ನಾವು ಕೇಳಿ ಕೇಳಿ ಕಿವುಡಾಗಿದ್ದೇವೆ.

ನಮ್ಮವರ ಸಂಭ್ರಮಕ್ಕೂ ಒಂದು ಮಾತು. ಬೆಂಗಳೂರಿನ ರಿಕ್ಕಿ ಕೇಜ್ ಮೂರು ಗ್ರ್ಯಾಮಿ ತಂದರು: 2015ರಲ್ಲಿ, 2022ರಲ್ಲಿ, 2023ರಲ್ಲಿ. 2024ರಲ್ಲಿ 'ಶಕ್ತಿ' ತಂಡ ಗೆದ್ದಿತು, ಜಾಕಿರ್ ಹುಸೇನ್ ಒಂದೇ ರಾತ್ರಿ ಮೂರು ಗೆದ್ದರು. ಸಂತೋಷ, ಅವರ ದುಡಿಮೆಗೆ ಕೈಮುಗಿಯೋಣ. ಆದರೆ ಯಾವ ಪಂಕ್ತಿ ಎಂದು ನಮ್ಮ ಪತ್ರಿಕೆಗಳು ಕೇಳಿದವೇ? ಹೆಚ್ಚಾಗಿ ನ್ಯೂ ಏಜ್, ಗ್ಲೋಬಲ್. 1992ರಿಂದ ಇದ್ದ 'ವರ್ಲ್ಡ್ ಮ್ಯೂಸಿಕ್' ಎಂಬ ಹೆಸರಲ್ಲಿ ವಸಾಹತುಶಾಹಿ ವಾಸನೆಯಿದೆ ಎಂದು 2020ರಲ್ಲಿ 'ಗ್ಲೋಬಲ್' ಮಾಡಿದರು. ತಂಜಾವೂರಿನಿಂದ ಟಿಂಬಕ್ಟುವರೆಗೆ ಇಡೀ ಭೂಮಿಗೆ ಒಂದು ಮೂಲೆ, ಅಮೆರಿಕಕ್ಕೆ ಮಾತ್ರ ಹತ್ತಾರು ಕೋಣೆ. ಭಾರತೀಯನೊಬ್ಬನ ಹೆಸರು 'ವರ್ಷದ ಆಲ್ಬಮ್'ನ ಮೇಲೆ ಬಂದದ್ದು 1973ರಲ್ಲಿ, 'ಕನ್ಸರ್ಟ್ ಫಾರ್ ಬಾಂಗ್ಲಾದೇಶ್'ಗೆ. ಜಾರ್ಜ್ ಹ್ಯಾರಿಸನ್, ಬಾಬ್ ಡಿಲನ್‌ರ ಜೊತೆ ಪಂಡಿತ್ ರವಿಶಂಕರ್. ನಿರಾಶ್ರಿತರಿಗೆ ಏನಾದರೂ ಮಾಡಬೇಕು ಎಂದು ಹ್ಯಾರಿಸನ್‌ರ ಕದ ತಟ್ಟಿದ್ದೇ ಅವರು.

ಈ ಗ್ರಾಮಫೋನ್ ಬೊಂಬೆಯ ಹಂಗು ಬೇಡ ಎಂದು ಸನ್ಯಾಸಿಯಂತೆ ಹೇಳಿ ಎದ್ದುಹೋಗಲು ನಾನು ತಯಾರಿಲ್ಲ. ಪಂಕ್ತಿ ಬಿಟ್ಟು ಎದ್ದರೆ ಬಡಿಸುವವನಿಗೇ ಲಾಭ. ಆದ್ದರಿಂದ ಕೇಳೋಣ. ಶ್ರೇಷ್ಠ ಎಂದು ಯಾರೇ ಪಟ್ಟಿ ತಂದು ಎದುರಿಗೆ ಹಿಡಿದರೂ, ಅದು ಲಾಸ್ ಏಂಜಲಿಸ್‌ನದಿರಲಿ, ಬೆಂಗಳೂರಿನದಿರಲಿ, ಹಾಡು ಕೇಳುವ ಮೊದಲು ಮೂರು ಲೆಕ್ಕ ಕೇಳಿ. ಮತ ಹಾಕಿದವರು ಯಾರು? ಯಾರಿಗೆ ಎಷ್ಟು ಬಿತ್ತು? ಪಟ್ಟಿಗೇ ಬಾರದಂತೆ ತಡೆದದ್ದು ಯಾರನ್ನು? ಲೆಕ್ಕ ಕೊಡದವರು ಕೊಟ್ಟ ಕಿರೀಟ ಕಾಗದದ್ದು.

ಮತ್ತು ಇದನ್ನು ನೆನಪಿಡಿ. 2020ರಲ್ಲಿ ಅಕಾಡೆಮಿ ಜೀವಮಾನ ಸಾಧನೆಯ ಪ್ರಶಸ್ತಿಗೆ ಆರಿಸಿದವರಲ್ಲಿ ಪಬ್ಲಿಕ್ ಎನಿಮಿ ಇತ್ತು. ಸ್ಪರ್ಧೆಯಲ್ಲಿ ಒಂದೇ ಒಂದು ಗ್ರ್ಯಾಮಿಯನ್ನೂ ಕೊಡದೆ ಕೊನೆಗೆ ಹೊದಿಸಿದ ಶಾಲು. ಅದೇ ಪಟ್ಟಿಯಲ್ಲಿ ಸಿಸ್ಟರ್ ರೊಸೆಟ್ಟಾ ಥಾರ್ಪ್ ಹೆಸರೂ ಇತ್ತು. 1915ರಲ್ಲಿ ಆರ್ಕನ್ಸಾದಲ್ಲಿ ಹುಟ್ಟಿದ ಕಪ್ಪು ಹೆಣ್ಣು. ರಾಕ್ ಅಂಡ್ ರೋಲ್ ಎಂಬ ಪದಕ್ಕೆ ಅರ್ಥ ಬರುವ ಮೊದಲೇ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಚರ್ಚಿನ ಹಾಡನ್ನು ಕುಣಿಸಿದವಳು. ಆಕೆ ಸತ್ತದ್ದು 1973ರಲ್ಲಿ, ಫಿಲಡೆಲ್ಫಿಯಾದಲ್ಲಿ. 2008ರಲ್ಲಿ ಅಭಿಮಾನಿಗಳು ಕಚೇರಿ ನಡೆಸಿ ಹಣ ಕೂಡಿಸುವ ತನಕ ಆಕೆಯ ಗೋರಿಯ ಮೇಲೆ ಹೆಸರು ಕೆತ್ತಿದ ಒಂದು ಕಲ್ಲೂ ಇರಲಿಲ್ಲ. ಜೀವಮಾನ ಸಾಧನೆಯ ಪ್ರಶಸ್ತಿ ಬಂದಾಗ ಆಕೆ ತೀರಿಕೊಂಡು ನಲವತ್ತಾರು ವರ್ಷ ದಾಟಿತ್ತು.